ಕುಲುಮೆಯ ಎದುರಿನ ಮಣೆ

“ಹಾಗಲ್ಲ ಹುಡುಗಿ, ಹೀಗೆ!” ಎಂದು ದೊಡ್ಡಮ್ಮ ಬಲಗೈ ಎತ್ತಿ ಗಾಳಿಗೆ ಒಂದು ಏಟು ಕೊಟ್ಟರು. ಆ ರಭಸಕ್ಕೆ ಹೊಲಿಗೆ ಯಂತ್ರದ ಮೇಲಿದ್ದ ನೂಲಿನ ಉಂಡೆ ಉರುಳಿ ಮಂಚದ ಕೆಳಗೆ ಸೇರಿಕೊಂಡಿತು.

“ಅಮ್ಮಾ, ಸ್ವಲ್ಪ ನಿಧಾನ. ಭುಜ ಹಿಡ್ಕೊಂಡ್ರೆ ಎಣ್ಣೆ ತಿಕ್ಕೋಳು ನಾನು,” ಎಂದಳು ಮಗಳು, ಬಟ್ಟೆಯಿಂದ ಕಣ್ಣೆತ್ತದೆ. ಬೀದಿಯವರ ಅಂಗಿ ಲಂಗಗಳನ್ನೆಲ್ಲ ಹೊಲಿದು ಹೊಲಿದು ಅವಳ ಬೆನ್ನು ಯಂತ್ರದ ಕಡೆಗೇ ಬಾಗಿಬಿಟ್ಟಿತ್ತು.

“ತಿಕ್ಕು. ನಿನ್ನನ್ನ ಹೆತ್ತಿದ್ದು ಮತ್ಯಾಕೆ?”

ದಫ್ತರದಕ್ಕನಿಗೆ ನಗು ತಡೆಯಲಾಗಲಿಲ್ಲ. ಐವತ್ತೆಂಟು ದಾಟಿದ ತನ್ನನ್ನು ಹುಡುಗಿ ಎಂದು ಕರೆಯುವವರು ಈ ಊರಿನಲ್ಲಿ ಇನ್ನು ಯಾರಿದ್ದಾರೆ? ನಗರ ಕಚೇರಿಯ ಹಳೇ ದಾಖಲೆಗಳ ಕೋಣೆಯಲ್ಲಿ ಕೂದಲು ಹಣ್ಣಾಗುವ ತನಕ ದುಡಿದು, ನಿವೃತ್ತಿಯಾದ ಮೇಲೂ ಆ ಧೂಳಿನ ವಾಸನೆಯನ್ನು ಬಿಟ್ಟಿರಲಾರದೆ, ಕಳೆದುಹೋದವರನ್ನು ಕಾಗದಗಳಲ್ಲಿ ಹುಡುಕಿಕೊಡುವ ಕಸುಬು ಹಿಡಿದವಳು ಅವಳು. ಬದುಕಿರುವ ನೆಂಟರಿಗಿಂತ ಸತ್ತವರ ವಿಳಾಸವೇ ಇವಳಿಗೆ ಚೆನ್ನಾಗಿ ಗೊತ್ತು ಎಂದು ಗಂಡ ರೇಗಿಸುತ್ತಿದ್ದ.

ಆದರೆ ದೊಡ್ಡಮ್ಮನ ಅಪ್ಪ ಮಾತ್ರ ಅವಳಿಗೂ ನೀರು ಕುಡಿಸಿದ್ದ.

ಆತ ಕಮ್ಮಾರ, ಕಡಲಾಚೆಯಿಂದ ಬಂದವನು. ಬಂದರಿನ ಹಳೇ ಕಡತದಲ್ಲಿ ಆತ ಹಡಗಿನಿಂದ ಇಳಿದ ದಿನದ ನಮೂದು ಸಿಕ್ಕಿತ್ತು. ವಯಸ್ಸು ಇಪ್ಪತ್ತಮೂರು, ಹಣೆಯ ಮೇಲೆ ಸುಟ್ಟ ಗಾಯ, ಸಾಮಾನು ಒಂದು ಬಟ್ಟೆ ಗಂಟು ಮತ್ತು ಹಿಡಿಗೆ ತಾಮ್ರದ ಪಟ್ಟಿ ಸುತ್ತಿದ ಒಂದು ಸುತ್ತಿಗೆ. ಆಮೇಲೆ ಕುಲುಮೆಗೆ ಪರವಾನಗಿ, ಈ ಊರಿನ ಹುಡುಗಿಯ ಜೊತೆ ಮದುವೆ, ಒಂದು ಹೆಣ್ಣುಮಗುವಿನ ಜನನ. ಒಂದೊಂದು ಸಾಲನ್ನೂ ದಫ್ತರದಕ್ಕ ಹಳೇ ಗೆಳೆಯನ ಮುಖ ನೋಡಿದ ಹಾಗೆ ನೋಡಿದ್ದಳು. ಅಲ್ಲಿಂದ ಮುಂದೆ ಏನೂ ಇಲ್ಲ. ಯುದ್ಧದ ನಡುವೆ, ಮಗಳಿಗೆ ಒಂಬತ್ತು ತುಂಬಿದ ವರ್ಷ, ಒಂದು ಬೆಳಗಿನ ಜಾವ ಆತ ಕಾಣೆಯಾದ.

ಹಡಗು ಹತ್ತಿ ತನ್ನ ದೇಶಕ್ಕೆ ಹೋದ, ಅಲ್ಲಿ ಮೊದಲ ಹೆಂಡತಿ ಮಕ್ಕಳು ಇದ್ದಾರಂತೆ ಎಂದು ಬೀದಿ ತೀರ್ಪು ಕೊಟ್ಟಿತು. ಮಗಳಿಗೆ ‘ಹಡಗಿನವನ ಮಗಳು’ ಎಂಬ ಹೆಸರು ಅಂಟಿಕೊಂಡಿತು. ಬಂದರು ಮನೆಯಿಂದ ಕೂಗಳತೆಯಲ್ಲಿದ್ದರೂ ದೊಡ್ಡಮ್ಮ ಅಂದಿನಿಂದ ಆ ಕಡೆ ಕಾಲಿಟ್ಟವರಲ್ಲ. ಮೀನು ತರಬೇಕಾದರೂ ಮಗಳನ್ನೇ ಓಡಿಸುವುದು.

“ನಂಗೆ ಆಸ್ತಿ ಬೇಡ, ಪಾಸ್ತಿ ಬೇಡ,” ಎಂದಿದ್ದರು ಮೊದಲ ದಿನವೇ. “ಅಪ್ಪ ನಮ್ಮನ್ನ ಬಿಟ್ಟು ಹೋದನಾ, ಇಲ್ವಾ? ಅಷ್ಟು ಹೇಳಿದ್ರೆ ಸಾಕು. ಬಿಟ್ಟು ಹೋದ ಅಂದ್ರೂ ತಡ್ಕೋತೀನಿ. ಏನೂ ಗೊತ್ತಿಲ್ದೆ ಕಣ್ಣು ಮುಚ್ಚೋಕೆ ಮಾತ್ರ ಆಗಲ್ಲ.”

ಹೋದ ವಾರ ದಫ್ತರದಕ್ಕ ಒಬ್ಬನನ್ನು ಹಿಡಿದಿದ್ದಳು, ಹಿಡಿದವಳೇ ಬಿಟ್ಟೂ ಇದ್ದಳು. ಎರಡು ರೈಲು ಸ್ಟೇಷನ್ ಆಚೆಯ ಕಲ್ಲುಗಣಿಯ ಆಳುಗಳ ಪಟ್ಟಿಯಲ್ಲಿ, ಉಳಿಗಳಿಗೆ ಹದ ಹಾಕುವ ಒಬ್ಬ ಕಮ್ಮಾರ. ಹೆಸರು ಬೇರೆ, ವಯಸ್ಸು ಸರಿ, ಹಣೆಯ ಗಾಯವೂ ಸರಿ. ಆದರೆ ಗುರುತಿನ ಕಲಮಿನಲ್ಲಿ ‘ಸುತ್ತಿಗೆ ಎಡಗೈಯಲ್ಲಿ’ ಎಂದು ಬರೆದಿತ್ತು. ನಮ್ಮಪ್ಪ ಬಲಗೈಯವನು ಎಂದು ದೊಡ್ಡಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರಿಂದ ಅವಳು ಆ ಹೆಸರಿನ ಮೇಲೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದಿದ್ದಳು.

ಇವತ್ತು ಬಂದದ್ದು ಬೇರೆ ಏನಾದರೂ ಗುರುತು ನೆನಪಿದೆಯೇ ಎಂದು ಕೇಳಲು. ನೆನಪಿನ ಮಾತು ಎತ್ತಿದ್ದೇ ತಡ, ದೊಡ್ಡಮ್ಮನ ಕಣ್ಣಿನಲ್ಲಿ ಕುಲುಮೆ ಹೊತ್ತಿಕೊಂಡಿತು.

“ತಿದಿ ಒತ್ತೋಳು ನಾನೇ. ಶಾಲೆ ಬಿಟ್ಟ ಕೂಡ್ಲೇ ಚೀಲ ಬಿಸಾಕಿ ಓಡೋದು. ಕುಲುಮೆ ಆ ಕಡೆ ಅಪ್ಪ, ಈ ಕಡೆ ಮಣೆ ಮೇಲೆ ನಾನು. ‘ಮೇಸ್ತ್ರಿಗಳೇ, ಇನ್ನೊಂಚೂರು ಗಾಳಿ ಬಿಡಿ’ ಅಂತಿದ್ದ. ನನ್ನನ್ನ ಮೇಸ್ತ್ರಿ ಅಂತಲೇ ಕರೆಯೋದು. ನಮ್ಮ ಭಾಷೆ ಅವನ ಬಾಯಲ್ಲಿ ಕುಂಟ್ತಾ ಕುಂಟ್ತಾ ಬರೋದು. ಬಹುವಚನ ಮಾತ್ರ ಯಾರು ಕಲಿಸಿದ್ರೋ, ಬೆಕ್ಕಿಗೂ ‘ಬನ್ನಿ ಕೂತ್ಕೊಳಿ’ ಅನ್ನೋನು.”

ಹೊಲಿಗೆ ಯಂತ್ರದ ಸದ್ದು ಮೆಲ್ಲಗಾಯಿತು. ಮಗಳಿಗೆ ಈ ಮಾತೆಲ್ಲ ಹೊಸದು. ಅವಳು ಹುಟ್ಟಿದಂದಿನಿಂದ ಈ ಮನೆಯಲ್ಲಿ ಅಜ್ಜನ ಸುದ್ದಿ ಎತ್ತುವ ಹಾಗಿರಲಿಲ್ಲ.

“ಕೆಂಪಗೆ ಕಾದ ಕಬ್ಬಿಣ ನೀರಿಗೆ ಇಳಿಸಿದಾಗ ಒಂದು ವಾಸನೆ ಬರುತ್ತೆ ನೋಡು, ಅದು ನನ್ನ ಫ್ರಾಕಿಗೆ ಹಿಡ್ಕೊಂಡಿರ್ತಿತ್ತು. ಅಮ್ಮ ಎಷ್ಟು ಒಗೆದ್ರೂ ಹೋಗ್ತಿರ್ಲಿಲ್ಲ. ಅಪ್ಪ ಹೋದ ಮೇಲೆ ಆ ಫ್ರಾಕು ಒಗೀಬೇಡ ಅಂತ ಅತ್ತಿದ್ದೀನಿ.” ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ಅಮ್ಮ ಒಗೀಲೂ ಇಲ್ಲ. ಮಡಿಸಿ ಇಟ್ಟಳು. ಊರೆಲ್ಲ ಅವನಿಗೆ ಹಿಡಿಶಾಪ ಹಾಕ್ತಿದ್ರೆ ಆ ಪುಣ್ಯಾತ್ಗಿತ್ತಿ ಒಂದು ದಿನ ಒಂದು ಕೆಟ್ಟ ಮಾತು ಆಡ್ಲಿಲ್ಲ. ಕಂಡೋರ ಬಟ್ಟೆ ಒಗೆದು ನನ್ನನ್ನ ಸಾಕಿದ್ಳು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದು ಕಾದು ಸತ್ತಳು.”

ಮಗಳು ಎದ್ದು ಹೋಗಿ ಚಹಾ ತಂದಳು.

“ಸುತ್ತಿಗೆ ಹಿಡಿಗೆ ತಾಮ್ರದ ಪಟ್ಟಿ ಇತ್ತಾ ದೊಡ್ಡಮ್ಮ?” ಎಂದಳು ದಫ್ತರದಕ್ಕ, ಬರೆದುಕೊಳ್ಳುತ್ತ.

“ಇತ್ತಲ್ಲ! ಬೆಂಕಿ ಬೆಳಕಿಗೆ ಥಳಥಳ ಅಂತಿತ್ತು. ರಾತ್ರಿ ಅದನ್ನ ತಲೆ ಹತ್ರ ಇಟ್ಕೊಂಡೇ ಮಲಗ್ತಿದ್ದ. ಹೆಂಡತಿನ ಬಿಟ್ರೂ ಸುತ್ತಿಗೆ ಬಿಡಲ್ಲ ಅಂತ ಅಮ್ಮ ಹಾಸ್ಯ ಮಾಡೋಳು.”

“ಬಲಗೈಯಲ್ಲೇ ಹೊಡೀತಿದ್ರು ಅಂತೀರಿ.”

“ಎಷ್ಟು ಸಲ ಹೇಳ್ಲಿ? ಊಟ ಬಲಗೈಯಲ್ಲಿ, ಸಹಿ ಬಲಗೈಯಲ್ಲಿ. ಸುತ್ತಿಗೆ ಇನ್ನೇನು ಕಾಲಲ್ಲಿ ಹಿಡೀತಾನಾ?”

ದಫ್ತರದಕ್ಕ ಲೋಟ ಎತ್ತಿಕೊಂಡಳು. ಬಲಗೈಯಲ್ಲಿ ಪೆನ್ಸಿಲ್ಲು ಇತ್ತು.

“ಅದೇ!” ಎಂದು ದೊಡ್ಡಮ್ಮ ಕೂಗಿದರು. “ನೀನೀಗ ಲೋಟ ಎತ್ತಿದ್ಯಲ್ಲ, ಅಪ್ಪ ಸುತ್ತಿಗೇನ ಸೇಮ್ ಹಾಗೇ ಎತ್ತೋನು. ಅದೇ ಕೈ. ಈ ಕಡೆ.” ತಮ್ಮ ಬಲಗೈಯನ್ನು ನೇರ ಮುಂದಕ್ಕೆ ಚಾಚಿ ತೋರಿಸಿದರು.

ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

“ದೊಡ್ಡಮ್ಮ,” ಎಂದಳು ದಫ್ತರದಕ್ಕ ನಿಧಾನವಾಗಿ, “ಇದು ನನ್ನ ಎಡಗೈ.”

“ಎಡಗೈ ಹೇಗಾಗುತ್ತೆ? ಈ ಕಡೆ ಇದೆಯಲ್ಲ...” ದೊಡ್ಡಮ್ಮ ತಮ್ಮ ಬಲಗೈ ನೋಡಿಕೊಂಡರು. ಎದುರಿನ ಲೋಟ ನೋಡಿದರು. ಮತ್ತೆ ಕೈ ನೋಡಿಕೊಂಡರು.

“ಅಪ್ಪ ಕಬ್ಬಿಣ ಬಡಿಯೋದನ್ನ ಹಿಂದಿನಿಂದ ನೋಡಿದ್ದುಂಟಾ? ಪಕ್ಕದಲ್ಲಿ ನಿಂತು?”

“ಮಣೆ ಬಿಟ್ಟು ಏಳೋ ಹಾಗಿರ್ಲಿಲ್ವಲ್ಲೇ.” ಧ್ವನಿ ಎಂಬತ್ತನಾಲ್ಕರದ್ದಲ್ಲ, ಒಂಬತ್ತರದ್ದು. “ಆ ಕಡೆ ಬಂದ್ರೆ ಕಾಲು ಮುರೀತೀನಿ ಅಂತಿದ್ದ. ಕಿಡಿ ಹಾರುತ್ತಲ್ಲ, ಅದಕ್ಕೆ. ಕಾಲು ಮುರಿಯೋ ಆಸಾಮಿ ಅಲ್ಲ ಬಿಡು, ಇರುವೆ ತುಳಿದ್ರೂ ಪೆಚ್ಚು ಮುಖ ಹಾಕ್ತಿದ್ದ.”

ಯಂತ್ರ ನಿಂತಿತ್ತು. ಮಗಳು ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅಮ್ಮನನ್ನೇ ನೋಡುತ್ತಿದ್ದಳು.

ತಿದಿ ಒತ್ತುವ ಮಗುವಿಗೆ ಅಪ್ಪ ಯಾವಾಗಲೂ ಎದುರಿಗೇ ಇದ್ದ. ತನ್ನ ಬಲಗಡೆ ಏಳುತ್ತಿದ್ದ ಸುತ್ತಿಗೆಯನ್ನು ಅವಳು ಅಪ್ಪನ ಬಲಗೈ ಎಂದುಕೊಂಡಳು. ಉಣ್ಣುವಾಗ, ಬರೆಯುವಾಗ ಬಲಗೈಯನ್ನೇ ಕಂಡದ್ದರಿಂದ ಅನುಮಾನವೂ ಬರಲಿಲ್ಲ. ಆ ನೆನಪನ್ನು ದೊಡ್ಡಮ್ಮ ಒಂದು ಚೂರೂ ಕದಲಿಸದೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು. ದಫ್ತರದಕ್ಕನಿಗೆ ತನ್ನ ತಲೆಯನ್ನೇ ಚಚ್ಚಿಕೊಳ್ಳಬೇಕು ಎನಿಸಿತು. ಕಾಗದವನ್ನು ಹತ್ತು ಸಲ ಪರೀಕ್ಷಿಸುವವಳು, ಈ ಮಾತನ್ನು ಒಂದು ಸಲವೂ ಪರೀಕ್ಷಿಸಿರಲಿಲ್ಲ.

ಚೀಲದಿಂದ ಕಲ್ಲುಗಣಿಯ ಪಟ್ಟಿಯ ನಕಲು ತೆಗೆದು ಗೀಟು ಎಳೆದ ಹೆಸರನ್ನು ತೋರಿಸಿದಳು. ಆತ ಕೆಲಸಕ್ಕೆ ಸೇರಿದ್ದು ದೊಡ್ಡಮ್ಮನ ಅಪ್ಪ ಕಾಣೆಯಾದ ಮರುವಾರ.

“ಎರಡು ಸ್ಟೇಷನ್?” ದೊಡ್ಡಮ್ಮ ಮುಂದಕ್ಕೆ ಬಾಗಿದರು. “ಅಷ್ಟು ಹತ್ರ ಇದ್ನಾ?”

“ಇನ್ನೂ ಖಾತ್ರಿ ಇಲ್ಲ. ಹಣೆ ಸುಟ್ಟುಕೊಂಡ ಕಮ್ಮಾರರು ಊರಿಗೊಬ್ಬರು ಇರ್ತಾರೆ. ನೀವೀಗಲೇ ಆಸೆ ಕಟ್ಕೋಬೇಡಿ.” ಹೇಳಿದ್ದೇನೋ ಹೇಳಿದಳು, ಬೆರಳು ಮಾತ್ರ ಆಗಲೇ ಆ ಗೀಟನ್ನು ಉಜ್ಜಿ ಅಳಿಸುತ್ತಿತ್ತು. “ಅಪ್ಪ ಹಡಗು ಹತ್ತಿದ್ದನ್ನ ಕಣ್ಣಾರೆ ಕಂಡೋರು ಯಾರು?”

“ಬೀಗದಂಗಡಿ ಯಜಮಾನನ ಅಪ್ಪ. ಕುಲುಮೇಲಿ ನಮ್ಮಪ್ಪನ ಪಾಲುಗಾರ. ನಾನೇ ಬಂದರಿಗೆ ಬಿಟ್ಟು ಬಂದೆ, ಹಡಗು ಹೊರಡೋ ತನಕ ನಿಂತಿದ್ದೆ ಅಂದ. ಅವನು ಸುಳ್ಳು ಹೇಳೋ ಮನುಷ್ಯ ಅಲ್ಲ. ಆಮೇಲೂ ನಮ್ಮನೆಗೆ ದವಸ ಧಾನ್ಯ ತಂದು ಹಾಕಿದ್ದಾನೆ.”

ದಫ್ತರದಕ್ಕ ಚಹಾ ಮುಗಿಸದೆ ಎದ್ದಳು.

ಬೀಗದಂಗಡಿ ಹಳೇ ಕುಲುಮೆ ಇದ್ದ ಜಾಗದಲ್ಲೇ ಇತ್ತು. ಮುಂಭಾಗಕ್ಕೆ ಗಾಜಿನ ಬಾಗಿಲು ಬಂದಿದ್ದರೂ ಒಳಗೆ ಕಾಲಿಟ್ಟರೆ ನೆಲ ಇನ್ನೂ ಹೊಗೆ ಹಿಡಿದ ಕಲ್ಲು ಚಪ್ಪಡಿಯದ್ದೇ. ಗೋಡೆ ತುಂಬ ಕೀಲಿಗೊಂಚಲು. ಗಾಳಿ ಬಂದರೆ ಅಷ್ಟೂ ಸಣ್ಣಗೆ ಗುಲ್ಲೆಬ್ಬಿಸುತ್ತವೆ. ಎಂಬತ್ತಕ್ಕೆ ಒಂದು ಕಡಿಮೆಯಾದ ಯಜಮಾನರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಒಂದು ಕೀಲಿಗೆ ಅರ ಹಾಕುತ್ತ ಕೂತಿದ್ದರು.

“ಬನ್ನಿ ಬನ್ನಿ, ದಫ್ತರದಮ್ಮ. ಇನ್ನೂ ಸಿಗ್ಲಿಲ್ವಾ ಆ ಕಮ್ಮಾರ? ಸಿಗಲ್ಲ ಬಿಡಿ. ಕಡಲಿಗೆ ಬಿದ್ದದ್ದು, ಹಡಗು ಹತ್ತಿದ್ದು, ಎರಡೂ ಒಂದೇ.”

ಅವರ ಈ ನಗುವನ್ನು ದಫ್ತರದಕ್ಕ ಹಿಂದೆ ಹಳೇ ಕುಲುಮೆಯ ವಿಚಾರ ಕೇಳಲು ಮೂರು ಸಲ ಬಂದಾಗಲೂ ನೋಡಿದ್ದಳು. ಬೀದಿಗೇ ಹಿರಿಯರು, ಮೃದು ಮಾತಿನವರು. ಬಡವರ ಬೀಗ ರಿಪೇರಿಗೆ ಬಂದರೆ ಸುಮ್ಮನೆ ಮಾಡಿಕೊಡುವವರು. ಆದರೆ ದೊಡ್ಡಮ್ಮನ ಹೆಸರು ಬಂದಾಗಲೆಲ್ಲ ಅವರ ಕಣ್ಣು ಕೈಯಲ್ಲಿರುವ ಕೀಲಿಗೆ ಇಳಿದುಬಿಡುತ್ತಿತ್ತು. ಸಂಕೋಚ ಇರಬೇಕು ಎಂದುಕೊಂಡಿದ್ದಳು.

ಇವತ್ತು ಅವಳು ಅವರ ಮುಖ ಬಿಟ್ಟು ಅಂಗಡಿಯನ್ನು ನೋಡಿದಳು. ಒಳಕೋಣೆಯ ಬಾಗಿಲಿನ ಮೇಲೆ ಅಂದಕ್ಕೆಂದು ತೂಗುಹಾಕಿದ ಹಳೇ ಬೀಗಗಳು, ಒಂದು ತಕ್ಕಡಿ, ತುಕ್ಕು ಹಿಡಿದ ಇಕ್ಕಳ. ಅವುಗಳ ನಡುವೆ ಒಂದು ಸುತ್ತಿಗೆ. ಹಿಡಿಯಲ್ಲಿ ಹಸಿರುಗಟ್ಟಿದ ಅಗಲವಾದ ಪಟ್ಟಿ. ಮೂರು ಸಲವೂ ಅದರ ಕೆಳಗೇ ಕೂತು ಚಹಾ ಕುಡಿದು ಹೋಗಿದ್ದಳಲ್ಲ!

“ಯಜಮಾನ್ರೇ, ಆ ಸುತ್ತಿಗೆ ಒಂಚೂರು ನೋಡ್ಲಾ?”

“ಅದಾ? ಹಳೇದು. ನಮ್ಮಪ್ಪಂದು.”

“ನಿಮ್ಮಪ್ಪ ಬೀಗದ ಕೆಲಸದೋರು. ಅಷ್ಟು ದಪ್ಪ ಸುತ್ತಿಗೇಲಿ ಬೀಗ ರಿಪೇರಿ ಮಾಡ್ತಿದ್ರಾ, ಬೀಗ ಒಡೀತಿದ್ರಾ?”

ಯಜಮಾನರು ನಕ್ಕರು. ನಗು ಅರ್ಧಕ್ಕೇ ನಿಂತಿತು, ಏಕೆಂದರೆ ದಫ್ತರದಕ್ಕ ಆಗಲೇ ಸ್ಟೂಲು ಎಳೆದುಕೊಂಡು ಹತ್ತಿದ್ದಳು. ಮಂಡಿ ಎರಡೂ ಲಟಲಟ ಎಂದು ಪ್ರತಿಭಟಿಸಿದವು. ಅವಳು ಕೇರ್ ಮಾಡಲಿಲ್ಲ.

“ಬೀಳ್ತೀರಿ! ಇಳೀರಿ ಕೆಳಗೆ!”

“ಬಿದ್ರೆ ನೀವೇ ಎತ್ತಿ.”

ಸುತ್ತಿಗೆ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ತಲೆಯ ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಬೆಣೆಯ ಹಾಗೆ ಚೂಪು. ಹಿಡಿ ಸವೆದು ಸವೆದು ನುಣ್ಣಗಾಗಿತ್ತು. ಒಂದು ಪಕ್ಕದಲ್ಲಿ ಮಾತ್ರ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು, ಒಂದೇ ಕೈ ವರ್ಷಗಟ್ಟಲೆ ಒತ್ತಿ ಹಿಡಿದದ್ದಕ್ಕೆ.

ಚಪ್ಪಟೆ ತುದಿಯನ್ನು ಮುಂದೆ ಮಾಡಿ ಬಲಗೈಯಲ್ಲಿ ಹಿಡಿದು ನೋಡಿದಳು. ತಗ್ಗು ಬೆರಳುಗಳ ಕೆಳಗೆ ಎಲ್ಲೋ ಹೋಯಿತು. ಎಡಗೈಗೆ ಬದಲಿಸಿದಳು. ಹೆಬ್ಬೆರಳು ತಾನಾಗಿಯೇ ಜಾರಿ ಆ ತಗ್ಗಿನಲ್ಲಿ ಕೂತಿತು.

ಎಷ್ಟೋ ವಾರಗಳಿಂದ ಕಾಗದದ ಮೇಲೆ ಬರೀ ಅಕ್ಷರವಾಗಿದ್ದ ಮನುಷ್ಯ ಕೈಕುಲುಕಿದ ಹಾಗಾಯಿತು.

“ನಿಮ್ಮಪ್ಪ ಎಡಗೈಯವರಾ ಯಜಮಾನ್ರೇ?”

ಯಜಮಾನರು ಮತ್ತೆ ಅರ ಎತ್ತಿಕೊಂಡರು.

“ಕಡಲು ದಾಟಿ ಬರುವಾಗ ಆ ಮನುಷ್ಯನ ಹತ್ರ ಇದ್ದದ್ದು ಎರಡೇ ವಸ್ತು. ಒಂದು ಗಂಟು, ತಾಮ್ರದ ಪಟ್ಟಿಯ ಒಂದು ಸುತ್ತಿಗೆ. ಬಂದರಿನವರು ಬರೆದಿಟ್ಟಿದ್ದಾರೆ. ತನ್ನ ದೇಶಕ್ಕೆ, ತನ್ನ ಹೆಂಡತಿ ಮಕ್ಕಳ ಹತ್ರ ಬಾಳ್ವೆ ಮಾಡೋಕೆ ಹೋಗೋ ಕಮ್ಮಾರ ಸುತ್ತಿಗೆ ಇಲ್ಲೇ ಬಿಟ್ಟು ಹೋಗ್ತಾನಾ? ಅಲ್ಲಿ ಹೋಗಿ ಏನು, ಹಾಡು ಹೇಳಿ ಹೊಟ್ಟೆ ಹೊರೀತಾನಾ?”

“ಅಂಗಡಿ ಮುಚ್ಚೋ ಹೊತ್ತಾಯ್ತು,” ಎಂದರು ಯಜಮಾನರು.

“ಇನ್ನೂ ಬಿಸಿಲು ನೆತ್ತಿ ಬಿಟ್ಟು ಇಳಿದಿಲ್ಲ.”

“ದಫ್ತರದಮ್ಮ, ಎಲ್ಲ ಸತ್ತೋರ ಕಥೆ. ಕೆದಕಿ ಯಾರಿಗೇನು ಲಾಭ?”

“ಒಬ್ರು ಬದುಕಿದ್ದಾರೆ. ಎಂಬತ್ತನಾಲ್ಕು ವಯಸ್ಸು. ಇವತ್ತಿಗೂ ಬಂದರಿನ ಕಡೆ ಮುಖ ಹಾಕಲ್ಲ.” ಅವಳ ಧ್ವನಿ ತನಗರಿವಿಲ್ಲದೆ ಏರಿತು. “ಹಡಗು ಹೊರಡೋ ತನಕ ನಿಂತಿದ್ದೆ ಅಂದ್ರಲ್ಲ ನಿಮ್ಮಪ್ಪ. ಯಾವ ಹಡಗು? ಆ ತಿಂಗಳು ಯುದ್ಧದ ದೆಸೆಯಿಂದ ಈ ಬಂದರಿನಿಂದ ಪ್ರಯಾಣಿಕರ ಹಡಗು ಒಂದೂ ಹೊರಟಿಲ್ಲ. ಅದನ್ನೂ ನೋಡಿಯೇ ಬಂದಿದ್ದೀನಿ.”

ನಿಜಕ್ಕೂ ಅವಳು ಅದನ್ನು ನೋಡಿರಲಿಲ್ಲ. ಬರುವ ದಾರಿಯಲ್ಲಿ ಹೊಳೆದದ್ದು ಅಷ್ಟೇ. ಸುಳ್ಳಿಗೆ ಸುಳ್ಳಿನ ಬಲೆಯೇ ಬೇಕಾಯಿತು.

ಯಜಮಾನರ ಕೈಯಿಂದ ಅರ ಜಾರಿ ಚಪ್ಪಡಿಯ ಮೇಲೆ ಬಿದ್ದಿತು. ಎದ್ದು ಗಾಜಿನ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಬಂದರು.

“ಹೊರದೇಶದೋರನ್ನೆಲ್ಲ ಹಿಡಿದು ಶಿಬಿರಕ್ಕೆ ಹಾಕ್ತಿದ್ರು ಆಗ. ಹೋದೋರು ವಾಪಸ್ ಬಂದದ್ದು ಕಡಿಮೆ. ಮಾರನೇ ದಿನ ಇವರ ಮನೆಗೆ ಪೊಲೀಸ್ ಬರ್ತಾರೆ ಅಂತ ಅಪ್ಪನಿಗೆ ಸುಳಿವು ಸಿಕ್ತು. ಕಲ್ಲುಗಣೀಲಿ ನಮ್ಮ ಸೋದರಮಾವ ಮೇಲ್ವಿಚಾರಕ. ಬೆಳಕು ಹರಿಯೋ ಮುಂಚೆ ಅಪ್ಪನೇ ಕರ್ಕೊಂಡು ಹೋಗಿ ಬೇರೆ ಹೆಸರಲ್ಲಿ ಸೇರಿಸಿ ಬಂದ.”

“ಹೆಂಡತಿಗೆ ಹೇಳ್ದೆ?”

“ನೀನು ಹೇಳು ಅಂತ ಅಪ್ಪನಿಗೆ ಹೇಳಿದ್ದ. ಅಪ್ಪ ಭಾಷೆ ಕೊಟ್ಟಿದ್ದ.” ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. “ಹೇಳ್ಲಿಲ್ಲ. ಪೊಲೀಸರು ಬಂದಾಗ ಅವಳು ನಾಟಕ ಆಡೋಕೆ ಆಗಲ್ಲ, ಅವಳ ಅಳು ನಿಜವಾಗಿದ್ರೇನೇ ಅವರು ನಂಬೋದು ಅಂದ್ಕೊಂಡ. ಹಡಗಿನ ಕಥೆ ಕಟ್ಟಿದ. ಹಡಗೊಂದೇ ಸಾಲದು ಅನಿಸ್ತೋ ಏನೋ, ಮೊದಲ ಹೆಂಡತಿ ಮಕ್ಕಳನ್ನೂ ಸೃಷ್ಟಿ ಮಾಡಿದ. ಅವಳು ಎದೆ ಎದೆ ಬಡ್ಕೊಂಡು ಅತ್ತಳು. ಪೊಲೀಸರು ನಂಬಿ ಹೋದ್ರು. ಅಪ್ಪ ಗೆದ್ದೆ ಅಂದ್ಕೊಂಡ.”

“ಅಂದ್ರೆ ಮೊದಲ ಹೆಂಡತಿ...”

“ಇರ್ಲೇ ಇಲ್ಲ. ಅವನಿಗೆ ಇದ್ದೋಳು ಇವಳೊಬ್ಬಳೇ.”

ದಫ್ತರದಕ್ಕನಿಗೆ ಸಿಟ್ಟು, ಸಂಕಟ ಎರಡೂ ಒಟ್ಟಿಗೆ ನುಗ್ಗಿ ಬಂದವು. ಗೆಳೆಯನ ಜೀವ ಉಳಿಸಿದ ಮನುಷ್ಯನನ್ನು ಬೈಯುವುದು ಹೇಗೆ? ಅವನ ಸಂಸಾರ ಸುಟ್ಟ ಮನುಷ್ಯನನ್ನು ಬೈಯದೆ ಇರುವುದು ಹೇಗೆ?

“ಸರಿ, ಯುದ್ಧ ಮುಗೀತಲ್ಲ. ಆಮೇಲೆ?”

ಯಜಮಾನರು ಬಗ್ಗಿ, ಬಿದ್ದಿದ್ದ ಅರವನ್ನು ಎತ್ತಿಟ್ಟರು.

“ಯಜಮಾನ್ರೇ, ಈ ಸುತ್ತಿಗೆ ಕಲ್ಲುಗಣೀಲಿ ಇರ್ಬೇಕಿತ್ತು. ನಿಮ್ಮ ಬಾಗಿಲ ಮೇಲೆ ಹೇಗೆ ಬಂತು?”

“ಬಂದ,” ಎಂದರು ಅವರು, ಕೇಳಿಸಿಯೂ ಕೇಳಿಸದ ಹಾಗೆ. “ಯುದ್ಧ ಮುಗಿದ ಮೇಲೆ ಬಂದ. ನಂಗಾಗ ಎಂಟು ವರ್ಷ. ಅಪ್ಪ ನನ್ನನ್ನೂ ಕರ್ಕೊಂಡು ಹೋದ, ಚಿಕ್ಕ ಹುಡುಗ ಜೊತೇಲಿದ್ರೆ ಬೈಗುಳ ಕಡಿಮೆ ಬೀಳುತ್ತೆ ಅಂತ ಇರ್ಬೇಕು. ಕಮ್ಮಾರ ಹೊಸ ಅಂಗಿ ಹಾಕಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ. ದಾರಿ ಉದ್ದಕ್ಕೂ ನಂಗೂ ಬಹುವಚನ. ‘ಸಾಹೇಬ್ರೇ, ನಮ್ಮ ಮೇಸ್ತ್ರಿ ಈಗ ಎಷ್ಟು ಎತ್ತರ ಆಗಿದ್ದಾರೆ’ ಅಂತ ಕೇಳ್ತಿದ್ದ. ಯಾವ ಮೇಸ್ತ್ರಿ ಅಂತ ನಂಗೆ ಗೊತ್ತಾಗ್ಲಿಲ್ಲ.”

ಆ ಹೆಸರನ್ನು ದಫ್ತರದಕ್ಕ ಇವರಿಗೆ ಹೇಳಿರಲಿಲ್ಲ. ಬೀದಿಯಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅವಳು ಸುತ್ತಿಗೆಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಕಣ್ಣು ಮಂಜಾಯಿತು.

“ಮಗಳು ಮನೇಲಿ ಇರ್ಲಿಲ್ಲ. ಶಾಲೆಗೆ ಹೋಗಿದ್ಳು. ಬಾಗಿಲು ತೆಗೆದದ್ದು ತಾಯಿ. ಕೈಯೆಲ್ಲ ಸೋಪಿನ ನೊರೆ. ಅವನನ್ನ ನೋಡಿದ್ಳು. ಎಷ್ಟು ಹೊತ್ತು ನೋಡಿದ್ಳು ಅಂದ್ರೆ, ನೊರೆ ತೊಟ್ಟಿಕ್ಕಿ ಹೊಸ್ತಿಲು ಒದ್ದೆ ಆಯ್ತು. ಆಮೇಲೆ ಹೇಳಿದ್ಳು, ‘ನನ್ನ ಗಂಡ ಹಡಗು ಹತ್ತಿ ಹೆಂಡತಿ ಮಕ್ಕಳ ಹತ್ರ ಹೋದ’ ಅಂತ.”

“ನಿಮ್ಮಪ್ಪ ನಿಜ ಹೇಳ್ಬೇಕಿತ್ತಲ್ಲ!”

“ಹೇಳಿದ. ಕಾಲು ಹಿಡಿಯೋದೊಂದು ಬಾಕಿ. ‘ತಾಯಿ, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು’ ಅಂದ. ಅವಳು ಅಪ್ಪನ ಮುಖ ನೋಡಿ, ‘ಸುಳ್ಳು ಯಾವುದಣ್ಣ, ಅವತ್ತಿಂದಾ, ಇವತ್ತಿಂದಾ?’ ಅಂದ್ಳು. ಅಪ್ಪನ ಬಾಯಿ ಕಟ್ಟಿಹೋಯ್ತು. ಕಮ್ಮಾರ ಏನೇನೋ ಹೇಳೋಕೆ ನೋಡಿದ. ಗಾಬರಿಗೆ ನಮ್ಮ ಭಾಷೆ ಒಂದಕ್ಷರ ಬರ್ಲಿಲ್ಲ, ಬರೀ ಅವನ ಭಾಷೆ. ಅದು ಕೇಳಿ ಅವಳಿಗೆ ಇನ್ನೂ ಖಾತ್ರಿ ಆಯ್ತೇನೋ. ಬಾಗಿಲು ಹಾಕ್ಕೊಂಡ್ಳು.”

ಗೋಡೆಯ ಕೀಲಿಗಳು ಒಮ್ಮೆ ಅಲುಗಾಡಿ ಸುಮ್ಮನಾದವು.

“ಕೂಗಾಟ, ಜಗಳ ಏನೂ ಇಲ್ಲ. ಸುತ್ತಿಗೆ ಹೊಸ್ತಿಲ ಮೇಲೆ ಇಟ್ಟ. ಮಗಳಿಗೆ ಕೊಡಿ ಅಂತ ಸನ್ನೆ ಮಾಡಿದ. ಸ್ಟೇಷನ್ ಕಡೆ ನಡ್ಕೊಂಡು ಹೋದ. ಸಂಜೆ ಅವಳು ಅದನ್ನ ತಂದು ನಮ್ಮ ಅಂಗಡಿ ಕಟ್ಟೆ ಮೇಲೆ ಇಟ್ಟು, ‘ಇದು ನನ್ನ ಮಗಳ ಕಣ್ಣಿಗೆ ಬೀಳಕೂಡದು. ಅವನು ಬಂದಿದ್ದೂ ಅವಳ ಕಿವಿಗೆ ಬೀಳಕೂಡದು’ ಅಂತ ಅಪ್ಪನಿಂದ ಆಣೆ ಹಾಕಿಸ್ಕೊಂಡ್ಳು. ಅಪ್ಪ ಸಾಯೋವಾಗ ಆ ಆಣೆ ನನ್ನ ತಲೆಗೆ ಕಟ್ಟಿ ಹೋದ.”

ಅಂದರೆ ಆ ತಾಯಿಗೆ ಗೊತ್ತಿತ್ತು. ಫ್ರಾಕು ಮಡಿಸಿಟ್ಟ ತಾಯಿ, ಒಂದು ಕೆಟ್ಟ ಮಾತೂ ಆಡದ ತಾಯಿ. ದಫ್ತರದಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ಇಷ್ಟು ವರ್ಷದ ಕೆಲಸದಲ್ಲಿ ಎಷ್ಟೋ ಜನರಿಗೆ ಎಷ್ಟೋ ಸುದ್ದಿ ಕೊಟ್ಟಿದ್ದಾಳೆ. ಸತ್ತ ಸುದ್ದಿ, ಜೈಲಿನ ಸುದ್ದಿ, ಎರಡನೇ ಸಂಸಾರದ ಸುದ್ದಿ. ಇಂಥದ್ದೊಂದನ್ನು ಕೊಟ್ಟಿರಲಿಲ್ಲ.

“ಅಪ್ಪನ್ನ ಬೈದು ಹೇಳಿ. ನನ್ನನ್ನ ಬೈದು ಹೇಳಿ,” ಯಜಮಾನರು ಕೈ ಜೋಡಿಸಿದರು. “ಆ ಮಗಳಿಗೆ ಈ ಲೋಕದಲ್ಲಿ ದೇವರು ಅಂತ ಇದ್ದದ್ದು ಅಮ್ಮ ಒಬ್ಬಳೇ. ಅದನ್ನೊಂದು ಮುಟ್ಟಬೇಡಿ ತಾಯಿ.”

“ಆಮೇಲೆ ಆತ ಎಲ್ಲಿಗೆ ಹೋದ? ಕಲ್ಲುಗಣಿಗೇ ಹೋದನಾ?”

ಅವರು ಬಾಯಿ ತೆರೆಯುವಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ದೊಡ್ಡಮ್ಮನ ಮಗಳ ನಂಬರು. ಕಿವಿಗೆ ಇಟ್ಟರೆ ಬಂದದ್ದು ಮಗಳ ಧ್ವನಿಯಲ್ಲ.

“ಹುಡುಗಿ, ನಾನು. ಕೂತಲ್ಲಿ ಕೂರೋಕಾಗ್ತಿಲ್ಲ, ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ಏನಾದ್ರೂ ಹೇಳಿದ್ನಾ ಅವನು?”

“ದೊಡ್ಡಮ್ಮ, ನಾನೇ ಬರ್ತೀನಿ. ಬಂದು...”

“ಸುತ್ತಿ ಬಳಸಿ ಬೇಡ. ಒಂದೇ ಮಾತು. ಬಿಟ್ಟು ಹೋದನಾ?”

ದಫ್ತರದಕ್ಕ ಕಣ್ಣು ಮುಚ್ಚಿಕೊಂಡಳು. ಈ ಒಂದು ಪ್ರಶ್ನೆಗಾಗಿಯೇ ತಾನೇ ಇಷ್ಟೆಲ್ಲ ಅಲೆದದ್ದು? ಇದಕ್ಕೆ ಉತ್ತರ ಕೊಡದಿದ್ದರೆ ಪಾಪ ಬರುತ್ತದೆ ಎನಿಸಿತು.

“ಇಲ್ಲ ದೊಡ್ಡಮ್ಮ. ನಿಮ್ಮಪ್ಪ ಬಿಟ್ಟು ಹೋಗ್ಲಿಲ್ಲ. ಹಡಗೂ ಇಲ್ಲ, ಇನ್ನೊಬ್ಬ ಹೆಂಡತಿಯೂ ಇಲ್ಲ. ಪೊಲೀಸರ ಕಣ್ಣು ತಪ್ಪಿಸೋಕೆ ಕಲ್ಲುಗಣೀಲಿ ಇದ್ರು. ಆ ಎಡಗೈ ಕಮ್ಮಾರ ನಿಮ್ಮಪ್ಪನೇ.”

ಆ ಕಡೆಯಿಂದ ಒಂದು ಶಬ್ದ ಬಂತು, ಸಣ್ಣ ಮಕ್ಕಳು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಅಳುವ ಹಾಗೆ. “ಅಪ್ಪಾ,” ಎಂದರು ದೊಡ್ಡಮ್ಮ. ಮತ್ತೊಮ್ಮೆ ಎಂದರು. “ಅಮ್ಮಾ, ಏನಾಯ್ತಮ್ಮಾ?” ಎಂದು ಮಗಳು ಗಾಬರಿಯಾಗುವುದು ದೂರದಲ್ಲಿ ಕೇಳಿಸಿತು. ದಫ್ತರದಕ್ಕನೂ ಅಳುತ್ತಿದ್ದಳು, ಯಜಮಾನರ ಎದುರಿಗೇ, ನಾಚಿಕೆ ಬಿಟ್ಟು.

“ನಮ್ಮಮ್ಮ ಇದ್ದಿದ್ರೆ!” ಅಳುವಿನ ನಡುವೆಯೇ ದೊಡ್ಡಮ್ಮ ನಗುತ್ತಿದ್ದರು. “ಪಾಪ, ಎಷ್ಟು ಕಾದ್ಳು. ಇದೊಂದು ಮಾತು ಅವಳ ಕಿವಿಗೆ ಬಿದ್ದಿದ್ರೆ ಕುಣಿದಾಡ್ತಿದ್ಳು. ಎದ್ದು ಓಡ್ತಿದ್ಳು ಕಣೇ ಆ ಕಲ್ಲುಗಣಿಗೆ, ಬರಿಗಾಲಲ್ಲಿ.”

ಯಜಮಾನರು ಮುಖ ಮುಚ್ಚಿಕೊಂಡರು. ಫೋನಿನ ಧ್ವನಿ ಅವರಿಗೂ ಕೇಳಿಸುತ್ತಿತ್ತು.

“ಹೌದಾ, ಇರು ಇರು.” ನಗು ನಿಂತಿತು. ಮೂಗೊರೆಸಿಕೊಂಡ ಸದ್ದು. “ಯುದ್ಧ ಮುಗಿದಾಗ ನಂಗೆ ಹದಿಮೂರು. ಆಮೇಲೆ ಪೊಲೀಸರ ಭಯ ಇರ್ಲಿಲ್ವಲ್ಲ. ಎರಡು ಸ್ಟೇಷನ್ ಆಚೆ ಇದ್ದೋನು, ನಡ್ಕೊಂಡು ಬಂದ್ರೂ ಒಂದು ಹಗಲು ಸಾಕು.”

“ದೊಡ್ಡಮ್ಮ, ನಾನು ಈಗಲೇ ಹೊರಟೆ...”

“ಬಿಟ್ಟು ಹೋಗ್ದೆ ಇದ್ದೋನು ಮನೆಗೆ ಯಾಕೆ ಬರ್ಲಿಲ್ಲ ಹುಡುಗಿ?”

ಎದುರಿಗೆ ಯಜಮಾನರು ಜೋಡಿಸಿದ ಕೈಗಳನ್ನು ಬಿಚ್ಚದೆ, ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದರು.

“ಹುಡುಗಿ, ಇದ್ದೀಯಾ? ಸುಮ್ಮನೆ ಯಾಕಾದೆ? ಹೇಳು, ಯಾಕೆ ಬರ್ಲಿಲ್ಲ ನಮ್ಮಪ್ಪ?”